ಸ್ಲೀವ್ ಆದ ಹೊಟ್ಟೆಗೆ ವಿದ್ಯಾನಗರದ ಖಾನಾವಳಿ ಊಟ

ಹುಬ್ಬಳ್ಳಿಯ ಖಾನಾವಳಿಗಳ ಬಗ್ಗೆ ಬರೆಯುವವರಿಗೆ ಕೊರತೆ ಇಲ್ಲ. ಎಷ್ಟು ರೊಟ್ಟಿ ಕೊಡುತ್ತಾರೆ, ಎಣ್ಣಿಗಾಯಿ ಮೇಲೆ ಎಣ್ಣೆ ಎಷ್ಟು ತೇಲುತ್ತದೆ, ಶೇಂಗಾ ಹೋಳಿಗೆ ಯಾವ ವಾರ ಇರುತ್ತದೆ, ಎಲ್ಲ ಸಿಗುತ್ತದೆ. ತೂಕ ಇಳಿಸಲು ಸ್ಲೀವ್ ಅನ್ನುವ ಆಪರೇಷನ್‌ನಲ್ಲಿ ಹೊಟ್ಟೆ ಸಣ್ಣದು ಮಾಡಿಸಿಕೊಂಡು, ಒಂದು ರೊಟ್ಟಿಯನ್ನೂ ಪೂರ್ತಿ ತಿನ್ನಲಾಗದ ನನ್ನಂಥವರು ಎಲ್ಲಿಗೆ ಹೋಗಬೇಕು ಅಂತ ಹುಡುಕಿದೆ. ಏನೂ ಸಿಗಲಿಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ಮಾರ್ಕು ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ನಾಲ್ಕು. ಖಾನಾವಳಿಯ ಹೆಸರು ಹಾಕುತ್ತಿಲ್ಲ, ನಡೆಸುವ ಅವ್ವಾರೇ ಬೇಡ ಅಂದರು. "ಇರೋ ಗಿರಾಕಿಗೇ ಕುರ್ಚಿ ಸಾಲವಲ್ವು, ಮತ್ತ ಫೋನ್‌ನ್ಯಾಗ ಯಾಕ ಹಾಕ್ತೀರಿ" ಅಂದರು. ಇಷ್ಟು ಹೇಳಬಹುದು: ವಿದ್ಯಾನಗರ, ಚಿಗರಿ ಬಸ್ಸಿನಲ್ಲಿ ಬಂದರೆ ಬಿವಿಬಿ ಸ್ಟಾಪಿನಲ್ಲಿ ಇಳಿದು ಒಳಗಿನ ಓಣಿಗೆ ನಡೆಯಬೇಕು. ಮನೆಯ ಪಡಸಾಲೆಯನ್ನೇ ಊಟದ ಹಾಲ್ ಮಾಡಿದ್ದಾರೆ. ನಾಲ್ಕೈದು ಟೇಬಲ್. ಗಲ್ಲೆಯ ಮೇಲೆ ಬಸವಣ್ಣನ ಫೋಟೋ, ಪಕ್ಕದಲ್ಲಿ ಸಿದ್ಧಾರೂಢ ಅಜ್ಜಾರ ಫೋಟೋ. ಬರುವವರು ಜಾಸ್ತಿ ಕಾಲೇಜು ಹುಡುಗರು, ಆಸುಪಾಸಿನ ಆಫೀಸಿನವರು. ಗೊತ್ತಿದ್ದವರಿಗೆ ಗೊತ್ತಾಗಿರುತ್ತದೆ.

ಇನ್ನು ನನ್ನ ವಿಷಯ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಮನೆ ಧಾರವಾಡ, ಬ್ರಾಂಚ್ ಹುಬ್ಬಳ್ಳಿ. 118 ಕೆಜಿ ಇದ್ದೆ. ಶುಗರ್ ಇತ್ತು, ಮೊಣಕಾಲು ಹಿಡಿದುಕೊಂಡಿತ್ತು, ಮೆಟ್ಟಿಲು ಅಂದರೆ ಭಯ. ಕೊನೆಗೆ ಸ್ಲೀವ್ ಆಪರೇಷನ್ ಮಾಡಿಸಿದೆ. ಇದರಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಮೊದಮೊದಲು ಅದರಲ್ಲಿ ಹಿಡಿಸುವುದು ಅರ್ಧ ವಾಟಿಯಷ್ಟು. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಆ ತೆಗೆದುಹಾಕಿದ ಭಾಗದಲ್ಲೇ. ಹಾಗಾಗಿ ಹಸಿವೂ ಕಡಿಮೆಯಾಗುತ್ತದೆ. ಆಸೆ ಮಾತ್ರ ಎಲ್ಲೂ ಹೋಗುವುದಿಲ್ಲ. ಅದು ಇರುವುದು ತಲೆಯಲ್ಲಿ, ಅಲ್ವಾ?

ಆಮೇಲೆ ಊಟ ಮೆಟ್ಟಿಲು ಮೆಟ್ಟಿಲಾಗಿ ವಾಪಸ್ ಬರುತ್ತದೆ. ಮೊದಲು ತಿಳಿಯಾದದ್ದು: ಎಳನೀರು, ಬೇಳೆಕಟ್ಟು, ಸೋಸಿದ ಮಜ್ಜಿಗೆ. ನಂತರ ಹಾಲು, ಅಂಬಲಿ, ಪ್ರೋಟೀನ್ ಪೌಡರ್. ನಂತರ ಮಿಕ್ಸಿಯಲ್ಲಿ ತಿರುವಿದ್ದು, ಅದಾದ ಮೇಲೆ ಮೆತ್ತಗೆ ಬೇಯಿಸಿದ್ದು. ಗಟ್ಟಿ ಊಟಕ್ಕೆ ಬರುವಾಗ ಸಾಮಾನ್ಯವಾಗಿ ಆರರಿಂದ ಎಂಟು ವಾರ ಆಗುತ್ತದೆ. ನಮ್ಮ ಕಡೆಯವರಿಗೆ ಈ ಹಂತಗಳು ಅಷ್ಟು ಕಷ್ಟವಲ್ಲ. ಡಯಟಿಷಿಯನ್ ಕೊಟ್ಟ ಚಾರ್ಟಿನಲ್ಲಿ ಓಟ್ಸ್ ಗಂಜಿ, ಅದು ಇದು ಸೂಪು ಅಂತ ಇತ್ತು. ನಾನು ಕೇಳಿ ಜೋಳದ ಅಂಬಲಿ ಬರೆಸಿಕೊಂಡೆ. ಮೆತ್ತಗಿನ ಊಟದ ಹಂತಕ್ಕೆ ಬಂದಾಗ ನಮ್ಮ ಅತ್ತೆಯವರು ಜೋಳದ ನುಚ್ಚು ಚೆನ್ನಾಗಿ ಕುದಿಸಿ, ಮಜ್ಜಿಗೆ ಹಾಕಿ ಕಿವುಚಿ ಕೊಟ್ಟರು. ಅದರಷ್ಟು ಸುಖವಾಗಿ ಕೆಳಗಿಳಿದದ್ದು ಬೇರೆ ಯಾವುದೂ ಇಲ್ಲ.

ಕಷ್ಟ ಶುರುವಾಗುವುದು ಸಲಾಡಿನಿಂದ. ಸಲಾಡ್ ಅಂದರೆ ಹಗುರ, ತೂಕ ಇಳಿಸುವವರ ಊಟ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ನಮ್ಮಂಥವರಿಗೆ ಹಸಿ ತರಕಾರಿ ಬರುವುದು ಎಲ್ಲಕ್ಕಿಂತ ಕೊನೆಗೆ. ಎರಡು ಮೂರು ತಿಂಗಳು ಕಾಯಿರಿ ಅಂತಲೇ ಬಹಳಷ್ಟು ಡಯಟಿಷಿಯನ್‌ಗಳು ಹೇಳುತ್ತಾರೆ. ನಾರು, ಸಿಪ್ಪೆ, ಬೀಜ ಇವು ಸುಲಭವಾಗಿ ಅರೆಯುವುದಿಲ್ಲ. ಹೊಟ್ಟೆ ಮೊದಲು ಮಾಡುತ್ತಿದ್ದ ಅರ್ಧ ಕೆಲಸವನ್ನು ಈಗ ಹಲ್ಲು ಮಾಡಬೇಕು. ಮತ್ತೊಂದು ತೊಂದರೆ: ಸವತಿಕಾಯಿಯಲ್ಲಿ ನೂರಕ್ಕೆ 95 ಭಾಗ ನೀರು. ಇರುವುದೇ ಇಷ್ಟು ಜಾಗ. ಅದನ್ನು ನೀರಿನಿಂದ ತುಂಬಿಸಿದರೆ ಪ್ರೋಟೀನ್ ಎಲ್ಲಿ ಇಡುವುದು? ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ. ಒಂದು ತತ್ತಿಯಲ್ಲಿ ಇರುವುದೇ ಆರು ಗ್ರಾಂ. ಲೆಕ್ಕ ಹಾಕಿ.

ಹಸಿ ತರಕಾರಿಗೆ ಡಯಟಿಷಿಯನ್ ಹೂಂ ಅಂದ ಮೇಲೆ ಮೊದಲು ತರಿಸಿದ್ದು ಫೋನ್ ಆ್ಯಪ್‌ನಲ್ಲಿ ಸಿಗುವ ಒಂದು 'ಹೆಲ್ದಿ ಬೌಲ್'. 260 ರೂಪಾಯಿ. ಫೋಟೋ ನೋಡಿದರೆ ಕಣ್ಣಿಗೆ ಹಬ್ಬ. ಡಬ್ಬಿ ತೆಗೆದರೆ ಅಂಗೈ ಅಗಲದ ಲೆಟಿಸ್ ಎಲೆ, ಅರ್ಧ ಬೆಂದ ಬ್ರೊಕೋಲಿ, ಸಿಪ್ಪೆ ಸಮೇತ ಸವತಿಕಾಯಿ ಬಿಲ್ಲೆ, ಇಡೀ ಇಡೀ ಕಾಬೂಲಿ ಕಡಲೆ, ಗೋವಿನಜೋಳದ ಕಾಳು. ಮೇಲೆ ಸಿಹಿಯಾದ ಒಂದು ಸಾಸ್. ಎಲೆಯನ್ನು ಎಷ್ಟು ಅಗಿದರೂ ಪುಡಿಯಾಗುವುದಿಲ್ಲ, ಬಾಯಲ್ಲಿ ಸುರುಳಿ ಸುತ್ತುತ್ತದೆ. ನಾಲ್ಕನೇ ತುತ್ತಿಗೆ ಎದೆಗೂಡಿನ ನಡುವೆ ಏನೋ ಬಂದು ನಿಂತ ಹಾಗಾಯಿತು. ಕೆಳಗೂ ಹೋಗುವುದಿಲ್ಲ, ಮೇಲೂ ಬರುವುದಿಲ್ಲ. ಬಾಯಿ ತುಂಬ ನೊರೆ ನೊರೆಯಾಗಿ ಜೊಲ್ಲು. ಸ್ಲೀವ್ ಆದವರಿಗೆಲ್ಲ ಈ ನೊರೆಯ ಪರಿಚಯ ಇರುತ್ತದೆ. ಬ್ಯಾಂಕಿನ ರೆಕಾರ್ಡ್ ರೂಮಿನಲ್ಲಿ ಆ ಕಡೆಯಿಂದ ಈ ಕಡೆ ಅಡ್ಡಾಡಿದೆ. ಕರವಸ್ತ್ರ ಒದ್ದೆಯಾಗಿ ಹೋಯಿತು. ಮುಕ್ಕಾಲು ಗಂಟೆ ಬೇಕಾಯಿತು. ಮಾಡಿದವರನ್ನು ಬೈಯುವುದಿಲ್ಲ. ಅವರು ಮಾಡಿದ್ದು ಪೂರ್ತಿ ಹೊಟ್ಟೆ ಇರುವವರಿಗೆ. ಆದರೆ ಡಬ್ಬಿಯ ಮೇಲೆ 'ತೂಕ ಇಳಿಸುವವರಿಗೆ ಬೆಸ್ಟ್' ಅಂತ ಚೀಟಿ ಅಂಟಿಸುವ ಮೊದಲು ಸ್ವಲ್ಪ ಯೋಚನೆ ಮಾಡಬೇಕು.

ಹಾಗಾದರೆ ಹಸಿ ತರಕಾರಿ ಬೇಡವೇ ಬೇಡವಾ? ಬೇಕು. ಮಲಬದ್ಧತೆ ಅಂದರೆ ಏನು ಅಂತ ಈ ಆಪರೇಷನ್ ಆದವರನ್ನು ಕೇಳಿ. ಬರೀ ಪ್ರೋಟೀನ್ ಪೌಡರ್, ಪನೀರ್ ತಿಂದುಕೊಂಡು ಎಷ್ಟು ದಿನ ಇರಲಾಗುತ್ತದೆ?

ಈಗ ಖಾನಾವಳಿಗೆ ಬರೋಣ. ನನ್ನನ್ನು ಕರೆದುಕೊಂಡು ಹೋದದ್ದು ನಮ್ಮ ಬ್ರಾಂಚಿನ ಕ್ಯಾಷಿಯರ್. ರೊಟ್ಟಿ ಊಟ ಅಂದರೆ ಪ್ರಾಣ ಬಿಡುವ ಮನುಷ್ಯ. ನಾನು ಸುಮ್ನೆ ಜೊತೆಗೆ ಕೂತರಾಯಿತು ಅಂತ ಹೋದೆ. ತಾಟು ಬಂತು. ನಮ್ಮ ಕಡೆಯ ತಾಟು ನಿಮಗೆ ಗೊತ್ತೇ ಇದೆ: ಒಂದು ಕಾಳು ಪಲ್ಯ, ಒಂದು ಎಣ್ಣಿಗಾಯಿ ಇಲ್ಲವೇ ಜುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಮೊಸರು, ಹಸಿ ಉಳ್ಳಾಗಡ್ಡಿ, ಮೂಲಂಗಿ, ಹಕ್ಕರಕಿ ಸೊಪ್ಪು. ಎಲ್ಲ ಸ್ವಲ್ಪ ಸ್ವಲ್ಪ. ಬೇಕಾದರೆ ಮತ್ತೆ ಕೇಳಿ ಹಾಕಿಸಿಕೊಳ್ಳಬೇಕು. ಅಷ್ಟು ವರ್ಷ ಇದೇ ಊಟ ಮಾಡಿದ್ದರೂ ಆವತ್ತೇ ಸರಿಯಾಗಿ ನೋಡಿದ್ದು: ಸಣ್ಣ ಹೊಟ್ಟೆಯವರಿಗೆ ಇದಕ್ಕಿಂತ ಅನುಕೂಲದ ಊಟ ಇಲ್ಲ. ಯಾವುದೂ ಗುಡ್ಡೆ ಹಾಕಿರುವುದಿಲ್ಲ. ಪ್ರೋಟೀನ್ ಬೇರೆ, ತರಕಾರಿ ಬೇರೆ, ಹಿಟ್ಟಿನದು ಬೇರೆ. ಯಾವುದನ್ನು ಮೊದಲು ತಿನ್ನಬೇಕು ಅಂತ ನಾವೇ ತೀರ್ಮಾನ ಮಾಡಬಹುದು. ಬಿಸಿಬೇಳೆ ಬಾತ್ ತಿನ್ನಿ ನೋಡೋಣ, ಅದರಲ್ಲಿ ಬೇಳೆ ಯಾವುದು ಅನ್ನ ಯಾವುದು ಅಂತ ಹೇಗೆ ಆರಿಸುತ್ತೀರಿ?

ಈ ಖಾನಾವಳಿಯ ಹೆಚ್ಚುಗಾರಿಕೆ ಇರುವುದು ಪಚಡಿಯಲ್ಲಿ. ಬೇರೆ ಕಡೆ ಉಳ್ಳಾಗಡ್ಡಿ, ಸವತಿಕಾಯಿ ಬಿಲ್ಲೆ ಇಟ್ಟು ಮುಗಿಸುತ್ತಾರೆ. ಇಲ್ಲಿ ದಿನಾ ಪಚಡಿ ಮಾಡುತ್ತಾರೆ. ಸಣ್ಣ ಸ್ಟೀಲ್ ವಾಟಿಯಲ್ಲಿ ಬರುತ್ತದೆ. ಮೆಂತೆ ಸೊಪ್ಪನ್ನು ಎಷ್ಟು ಸಣ್ಣಗೆ ಹೆಚ್ಚಿರುತ್ತಾರೆ ಅಂದರೆ ಎಲೆ ಯಾವುದು ದಂಟು ಯಾವುದು ಗೊತ್ತಾಗುವುದಿಲ್ಲ. ತುರಿದ ಗಜ್ಜರಿ. ನೆನೆಸಿದ ಹೆಸರುಬೇಳೆ. ಒರಟಾಗಿ ಕುಟ್ಟಿದ ಶೇಂಗಾ ಪುಡಿ. ಲಿಂಬೆಹುಳಿ, ಸಾಸಿವೆ ಇಂಗಿನ ಒಗ್ಗರಣೆ. ಸವತಿಕಾಯಿ ಮಾತ್ರ ನೋಡಲೇಬೇಕು. ಅಡುಗೆಮನೆಯ ಬಾಗಿಲಲ್ಲೇ ಅವ್ವಾರು ಕೂತು ಕೊಚ್ಚುತ್ತಾರೆ. ಸಿಪ್ಪೆ ಹೆರೆದ ಕಾಯನ್ನು ಎಡಗೈಯಲ್ಲಿ ನೆಟ್ಟಗೆ ಹಿಡಿದುಕೊಂಡು ಚಾಕುವಿನಿಂದ ಮೇಲಿಂದ ಕಚಕಚ ಏಟು ಹಾಕುತ್ತಾರೆ. ಕಾಯಿ ತಿರುಗಿಸುತ್ತಾರೆ, ಮತ್ತೆ ಏಟು. ಆಮೇಲೆ ಅಡ್ಡಕ್ಕೆ ಸವರುತ್ತಾರೆ. ಬುಟ್ಟಿಗೆ ಬೀಳುವುದು ಅಕ್ಕಿಕಾಳಿಗಿಂತ ಚೂರು ದಪ್ಪ ಇರುವ ತುಣುಕು. ಬಾಯಿ ಟಿವಿಯ ಧಾರಾವಾಹಿ ಬಗ್ಗೆ ಮಾತಾಡುತ್ತಿರುತ್ತದೆ, ಕಣ್ಣು ಗಲ್ಲೆಯ ಮೇಲಿರುತ್ತದೆ, ಕೈ ತನ್ನ ಪಾಡಿಗೆ ನಡೆದಿರುತ್ತದೆ.

ಉಪ್ಪು, ಲಿಂಬೆಹುಳಿ ಮೊದಲೇ ಹಾಕಿ ಕಲಸಿಡುತ್ತಾರೆ. ಅರ್ಧ ತಾಸು ಕಳೆದ ಮೇಲೆ ತರಕಾರಿ ನೀರು ಬಿಡುತ್ತದೆ. ಕ್ಯಾಷಿಯರ್ ಸಾಹೇಬರಿಗೆ ಇದೇ ತಕರಾರು. "ಪಚಡಿ ನೀರ ನೀರ ಆಗೇತಿ, ಕರಕರ ಅನ್ನೂದಿಲ್ಲ" ಅಂತ ಗೊಣಗುತ್ತಾರೆ. ನನಗೆ ಬೇಕಾದದ್ದು ಅದೇ. ನೀರು ಬಿಟ್ಟ ಮೇಲೆ ಗಜ್ಜರಿ, ಸವತಿಕಾಯಿ ಮೆತ್ತಗಾಗುತ್ತವೆ, ಅಗಿಯಲು ಹಗುರ. ನೀರನ್ನು ವಾಟಿಯ ಒಂದು ಬದಿಗೆ ಬಸಿದು ಬರೀ ತರಕಾರಿ, ಬೇಳೆ ಚಮಚದಲ್ಲಿ ತೆಗೆದುಕೊಳ್ಳುತ್ತೇನೆ. ಮೊದಲ ಸಲ ಎರಡೇ ಚಮಚ ತಿಂದು ಕೈಬಿಟ್ಟು ಕಾದೆ. ಏನೂ ಆಗಲಿಲ್ಲ. ಎದೆ ಹಿಡಿಯಲಿಲ್ಲ, ನೊರೆ ಬರಲಿಲ್ಲ. ಹೆಸರುಬೇಳೆ ಹಲ್ಲಿಗೆ ಸಿಕ್ಕು ಪಟಕ್ ಅನ್ನುವುದು, ಮೆಂತೆಯ ಸಣ್ಣ ಕಹಿ, ಹಿಂದೆಯೇ ಲಿಂಬೆಹುಳಿ. ಎಷ್ಟೋ ತಿಂಗಳ ನಂತರ ಬಾಯಲ್ಲಿ ಒಂದು ಸದ್ದು ಕೇಳಿಸಿತು. ಬರೀ ಮೆತ್ತಗಿನದನ್ನೇ ತಿಂದವರಿಗೆ ಇದರ ಬೆಲೆ ಗೊತ್ತು.

ನಾನು ಊಟ ಮಾಡುವ ಕ್ರಮ ಹೀಗೆ. ಮೊದಲು ಕಾಳು ಪಲ್ಯ. ಮಡಕಿ ಕಾಳೋ ಹೆಸರುಕಾಳೋ ಇರುತ್ತದೆ, ಮೊಳಕೆ ಬರಿಸಿ ಚೆನ್ನಾಗಿ ಬೇಯಿಸಿರುತ್ತಾರೆ. ಜೊತೆಗೆ ಮೊಸರು. ಇವೆರಡು ಹೊಟ್ಟೆಗೆ ಹೋದ ಮೇಲೆಯೇ ಪಚಡಿ. ಕೊನೆಗೆ ಜಾಗ ಇದ್ದರೆ ರೊಟ್ಟಿ. ಎಲ್ಲ ಸೇರಿ ಅಂದಾಜು 15 ಗ್ರಾಂ ಪ್ರೋಟೀನ್ ಆಗುತ್ತದೆ. ಹೊರಗಿನ ಊಟಕ್ಕೆ ಇದು ಕಡಿಮೆ ಏನಲ್ಲ. ಎಣ್ಣಿಗಾಯಿ ಇದ್ದರೆ ಬದನೆಕಾಯಿಯ ಸಿಪ್ಪೆ ಬಿಟ್ಟು ಒಳಗಿನ ಮಸಾಲೆ, ತಿರುಳು ಮಾತ್ರ. ಜುಣಕ ತೆಳ್ಳಗೆ ಬಿಸಿ ಇದ್ದಾಗ ಒಳ್ಳೆಯದು, ಕಡಲೆಹಿಟ್ಟಿನಲ್ಲಿ ಪ್ರೋಟೀನ್ ಕೂಡ ಇದೆ. ಒಣಗಿದ ಜುಣಕದ ವಡಿ ಗಂಟಲಲ್ಲೇ ಕೂರುತ್ತದೆ, ಅದರ ತಂಟೆ ಬೇಡ. ಹಕ್ಕರಕಿ, ಮೂಲಂಗಿ, ಹಸಿ ಉಳ್ಳಾಗಡ್ಡಿ ಮುಟ್ಟುವುದಿಲ್ಲ. ಹಕ್ಕರಕಿ ಬಿಡುವಾಗ ಹೊಟ್ಟೆ ಉರಿಯುತ್ತದೆ, ನಿಜ ಹೇಳಬೇಕೆಂದರೆ. ಎಳೆಯದನ್ನು ಹೆಚ್ಚಿಸಿಕೊಂಡು ಒಂದು ದಿನ ಮನೆಯಲ್ಲಿ ನೋಡಬೇಕು.

ರೊಟ್ಟಿಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಇಲ್ಲಿ ಬಿಸಿ ರೊಟ್ಟಿ, ಕಡಕ್ ರೊಟ್ಟಿ ಎರಡೂ ಇವೆ. ಎಲ್ಲರೂ ಬಿಸಿ ರೊಟ್ಟಿಗೆ ಕಾಯುತ್ತಾರೆ. ಮೆತ್ತಗಿದೆ, ನನಗೂ ಅದೇ ಸರಿ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ನನಗೆ ಒಗ್ಗಿದ್ದು ಕಡಕ್ ರೊಟ್ಟಿ. ಮೆತ್ತಗಿನ ಬ್ರೆಡ್ಡು, ಚಪಾತಿ ಬಾಯಲ್ಲಿ ಉಂಡೆಯಾಗುತ್ತವೆ, ಆ ಉಂಡೆ ಹಾಗೇ ಕೆಳಗೆ ಹೋಗಿ ಕೊಳವೆಯ ಬಾಯಿಗೆ ಕೂರುತ್ತದೆ. ಆಪರೇಷನ್ ಆದವರಿಗೆ ಬ್ರೆಡ್ಡಿಗಿಂತ ಟೋಸ್ಟ್ ವಾಸಿ ಅಂತ ಹೇಳುವುದು ಇದಕ್ಕೇ. ಜೋಳದಲ್ಲಿ ಗ್ಲೂಟನ್ ಇಲ್ಲ, ಗೋಧಿಯ ಜಿಗುಟು ಇಲ್ಲ. ಕಡಕ್ ರೊಟ್ಟಿ ಅಂದರೆ ನಮ್ಮ ಟೋಸ್ಟೇ. ಅಗಿದರೆ ಪುಡಿ ಪುಡಿ. ಬೆರಳಗಲದ ಚೂರು ಮುರಿದು, ಮೊಸರಿಗೆ ತಾಗಿಸಿ, ಇಪ್ಪತ್ತು ಮೂವತ್ತು ಸಲ ಅಗಿದರೆ ಸರಾಗವಾಗಿ ಇಳಿಯುತ್ತದೆ. ಒಣಗಿದ್ದನ್ನೇ ಗಬಗಬ ತಿಂದರೆ ಮಾತ್ರ ಚುಚ್ಚುತ್ತದೆ. ಅರ್ಧ ರೊಟ್ಟಿಗೆ ನನ್ನ ಊಟ ಮುಗಿಯಿತು. ಉಳಿದ ಅರ್ಧ ಕ್ಯಾಷಿಯರ್ ಸಾಹೇಬರಿಗೆ.

ಅನ್ನ ಸಾರು ಹಾಕಿಸಿಕೊಳ್ಳುವುದೇ ಇಲ್ಲ. ಹೊಟ್ಟೆಯಲ್ಲಿ ಅಂಟಿಕೊಂಡು ಭಾರವಾಗಿ ಕೂರುತ್ತದೆ, ಸಿಗುವುದೇನೂ ಇಲ್ಲ.

ಇನ್ನು ಬಡಿಸುವವರು. ಉತ್ತರ ಕರ್ನಾಟಕದಲ್ಲಿ ಸಣ್ಣ ಹೊಟ್ಟೆಯವರಿಗೆ ಅತಿ ದೊಡ್ಡ ಪರೀಕ್ಷೆ ಇದು. ಉಪಚಾರ ಅಂದರೆ ನಮಗೆ ಒತ್ತಾಯ. ತಾಟಿನ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಪಲ್ಯ ಬೀಳಿಸುವ ಜನ ನಾವು. ಮೊದಲ ದಿನ ನಾನು ಏಳುವುದನ್ನು ಅವ್ವಾರು ನೋಡಿದರು.

"ಯಾಕ್ರೀ ಅಕ್ಕಾರ, ಅರ್ಧ ರೊಟ್ಟಿಗೇ ಕೈ ತೊಳ್ಯಾಕ ಹೊಂಟ್ರಿ? ಪಲ್ಯ ಛೊಲೊ ಆಗಿಲ್ಲೇನು?"

"ಪಲ್ಯ ಭಾರಿ ಆಗೇತ್ರೀ ಅವ್ವಾರ. ನನ್ನ ಹೊಟ್ಟಿ ಸಣ್ಣದೈತ್ರೀ, ಆಪರೇಷನ್ ಮಾಡಿಸೇನಿ."

"ಅಯ್ಯ, ಹೊಟ್ಟೀನ ಕತ್ತರಿಸ್ಯಾರೇನು?"

"ಹೌದ್ರೀ. ಮುಕ್ಕಾಲು."

ಒಂದು ಕ್ಷಣ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನನ್ನ ಮೈ ಇನ್ನೂ ದಪ್ಪವೇ ಇತ್ತು. ನಗುತ್ತಾರೇನೋ ಅಂದುಕೊಂಡೆ. "ಮೊದಲ ಹೇಳಬೇಕಿಲ್ರೀ ಮತ್ತ" ಅಂದವರೇ ಬಡಿಸುವ ಹುಡುಗನನ್ನು ಕರೆದರು. "ತಮ್ಮಾ, ಈ ಅಕ್ಕಾರಿಗೆ ಕೇಳಲಾರದ ಏನೂ ಹಾಕಬ್ಯಾಡ." ಅಷ್ಟೇ. ಆಮೇಲೆ ಯಾರೂ ಒತ್ತಾಯ ಮಾಡಿಲ್ಲ, ಯಾಕೆ ಏನು ಅಂತ ಕೆದಕಿಲ್ಲ. ಮದುವೆ ಮನೆಗಳಲ್ಲಿ ನಮ್ಮ ಬೀಗರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. "ಇಷ್ಟ ತಿಂದ್ರ ಶಕ್ತಿ ಎಲ್ಲಿಂದ ಬರ್ತದ" ಅನ್ನುವವರೇ ಆಪರೇಷನ್‌ಗೆ ಮೊದಲು "ಎಷ್ಟ ತಿಂತಾಳ ನೋಡು" ಅನ್ನುತ್ತಿದ್ದರು. ಇರಲಿ, ಇದು ಖಾನಾವಳಿಯ ರಿವ್ಯೂ.

ದುಡ್ಡಿನ ವಿಷಯ. ಪೂರ್ತಿ ಊಟ 100 ರೂಪಾಯಿ, ಎಷ್ಟು ಬೇಕಾದರೂ ಹಾಕಿಸಿಕೊಳ್ಳಿ. ಬೋರ್ಡಿನಲ್ಲಿ ಅರ್ಧ ಊಟ ಅಂತ ಇಲ್ಲ. ಗಲ್ಲೆಯ ಮೇಲೆ ಕೂರುವ ಮಗನನ್ನು ಕೇಳಿದೆ. "ಹಂಗ ಮಾಡಿದ್ರ ಎಲ್ಲಾರೂ ಅರ್ಧಾನ ಕೇಳ್ತಾರ್ರೀ, ಆಮ್ಯಾಲ ಬಾಜೂದವರ ತಾಟಿಗೆ ಕೈ ಹಾಕ್ತಾರ" ಅಂದ. ಅವನ ಮಾತಿನಲ್ಲೂ ಸುಳ್ಳಿಲ್ಲ. ನನ್ನ ಅರ್ಧ ರೊಟ್ಟಿ ಹೋಗುತ್ತಿದ್ದದ್ದು ಎಲ್ಲಿಗೆ ಅಂತ ಅವನಿಗೆ ಗೊತ್ತಿತ್ತು. ಕೊನೆಗೆ ಅವ್ವಾರೇ ಒಳಗಿನಿಂದ 60 ಅಂತ ತೀರ್ಪು ಕೊಟ್ಟರು. ಷರತ್ತು ಒಂದೇ, ತಾಟು ಹಂಚಿಕೊಳ್ಳುವಂತಿಲ್ಲ. ಕ್ಯಾಷಿಯರ್ ಸಾಹೇಬರಿಗೆ ಬೇಜಾರಾಯಿತು. ಈಗ ಉಳಿದ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿಸಿಕೊಳ್ಳುತ್ತೇನೆ. ಕಡಕ್ ರೊಟ್ಟಿ ಹಾಳಾಗುವುದಿಲ್ಲ, ಸಂಜೆ ಐದಕ್ಕೆ ಶೇಂಗಾ ಹಿಂಡಿ ಮೊಸರಿನ ಜೊತೆ ತಿಂಡಿಯಾಗುತ್ತದೆ. ಬೇರೆಯವರಿಗೂ ಈ ರೇಟು ಕೊಡುತ್ತಾರೋ ಇಲ್ಲವೋ ಕೇಳಿ ನೋಡಿ, ಆಪರೇಷನ್ ಆಗಿದೆ ಅಂತ ಸಂಕೋಚ ಇಲ್ಲದೆ ಹೇಳಿ.

ಒಂದು ಮಾರ್ಕು ಯಾಕೆ ಕಡಿಮೆ? ಮುಖ್ಯ ಕಾರಣ ಸಮಯ. ನಮ್ಮಂಥವರಿಗೆ ಒಂದು ಊಟಕ್ಕೆ ಇಪ್ಪತ್ತೈದು, ಮೂವತ್ತು ನಿಮಿಷ ಬೇಕು. ಮಧ್ಯಾಹ್ನ ಒಂದರಿಂದ ಎರಡರವರೆಗೆ ಇಲ್ಲಿ ಅದು ಆಗದ ಮಾತು. ಕಾಲೇಜು ಹುಡುಗರು ಐದು ನಿಮಿಷಕ್ಕೆ ನಾಲ್ಕು ರೊಟ್ಟಿ ಮುಗಿಸಿ ಏಳುತ್ತಾರೆ. ಹೊಸಬರು ಬಂದು ನಿಮ್ಮ ಕುರ್ಚಿಯ ಬೆನ್ನಿಗೆ ಕೈ ಊರಿ ನಿಲ್ಲುತ್ತಾರೆ. ಯಾರೂ ಏಳಿ ಅನ್ನುವುದಿಲ್ಲ. ಆದರೆ ಬೆನ್ನ ಹಿಂದೆ ಹಸಿದ ಮನುಷ್ಯ ನಿಂತಿರುವಾಗ ಒಂದು ತುತ್ತನ್ನು ಮೂವತ್ತು ಸಲ ಅಗಿಯಲು ಗಟ್ಟಿ ಗುಂಡಿಗೆ ಬೇಕು. ಅವಸರ ಮಾಡಿದಿರೋ, ಸಿಕ್ಕಿಕೊಂಡಿತು ಅಂತಲೇ ಲೆಕ್ಕ. ಎರಡೂವರೆ ಮೇಲೆ ಹೋದರೆ ಈ ಕಾಟ ಇಲ್ಲ. ನಾನು ಲಂಚ್ ಟೈಮ್ ಹಾಗೆ ಬದಲಾಯಿಸಿಕೊಂಡಿದ್ದೇನೆ. ಎಲ್ಲರಿಗೂ ಅದು ಆಗುವುದಿಲ್ಲ.

ಎರಡನೆಯದು ನೀರು. ಕೂತ ತಕ್ಷಣ ಲೋಟ ತುಂಬಿಸುತ್ತಾರೆ, ಒಂದು ಗುಟುಕು ಕುಡಿದರೆ ಮತ್ತೆ ತುಂಬಿಸುತ್ತಾರೆ. ಊಟದ ಜೊತೆ ನೀರು ನಮಗೆ ವರ್ಜ್ಯ. ಊಟ ಆಗಿ ಅರ್ಧ ತಾಸು ಬಿಟ್ಟು ಕುಡಿಯಬೇಕು. ಕೈ ಅಭ್ಯಾಸಬಲದಿಂದ ತಾನಾಗೇ ಲೋಟಕ್ಕೆ ಹೋಗುತ್ತದೆ, ಅದಕ್ಕೆ ಲೋಟವನ್ನೇ ಬೋರಲು ಹಾಕಿಡುತ್ತೇನೆ. ಊಟದ ಕೊನೆಗೆ ಬರುವ ಮಜ್ಜಿಗೆ ಮಾತ್ರ ಬಿಡಲು ಮನಸ್ಸಿಲ್ಲ. ಶುಂಠಿ, ಕೊತ್ತಂಬರಿ ಹಾಕಿದ ತೆಳ್ಳನೆಯ ಮಜ್ಜಿಗೆ. ಬಾಟಲಿ ಒಯ್ಯುತ್ತೇನೆ, ಅದಕ್ಕೇ ಹಾಕಿಕೊಡುತ್ತಾರೆ. ಮೂರೂವರೆ ಹೊತ್ತಿಗೆ ಕೌಂಟರಿನಲ್ಲಿ ಕೂತು ಗುಟುಕು ಗುಟುಕಾಗಿ ಕುಡಿಯುತ್ತೇನೆ.

ಖಾರ? ಅಷ್ಟೇನೂ ಇಲ್ಲ. ಬ್ಯಾಡಗಿ ಮೆಣಸಿನಕಾಯಿ ಬಳಸುತ್ತಾರೆ, ನೋಡಲು ಕೆಂಪಗೆ ಹೆದರಿಸುತ್ತದೆ, ನಾಲಿಗೆಗೆ ಸೌಮ್ಯ. ಆದರೆ ಕೆಂಪು ಖಾರದ ಚಟ್ನಿ ಬೇರೆ ಲೆಕ್ಕ. ಸ್ಲೀವ್ ಆದವರಿಗೆ ಎದೆಯುರಿ, ಹುಳಿತೇಗು ಮೊದಲೇ ಜಾಸ್ತಿ. ಅದರ ಹತ್ತಿರ ಹೋಗಬೇಡಿ. ಪಲ್ಯದ ಮೇಲೆ ತೇಲುವ ಎಣ್ಣೆಯನ್ನು ತಾಟಿನ ಅಂಚಿಗೆ ಸರಿಸಿ.

ವಾರಕ್ಕೊಮ್ಮೆ ಗೋಧಿ ಹುಗ್ಗಿ ಇಲ್ಲವೇ ಶೇಂಗಾ ಹೋಳಿಗೆ ಇರುತ್ತದೆ. ನನ್ನದು ಸ್ಲೀವ್. ಬೈಪಾಸ್, ಅಂದರೆ ಹೊಟ್ಟೆಯನ್ನು ಸಣ್ಣದು ಮಾಡಿ ನೇರ ಕರುಳಿಗೆ ಜೋಡಿಸುವ ಇನ್ನೊಂದು ಆಪರೇಷನ್, ಮಾಡಿಸಿಕೊಂಡವರು ಸಿಹಿಯ ವಿಷಯವನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಸಿಹಿ ಒಮ್ಮೆಲೇ ಕರುಳಿಗೆ ಇಳಿದು ಎದೆ ಡವಡವ, ಬೆವರು, ತಲೆಸುತ್ತು, ಭೇದಿ ಶುರುವಾಗುತ್ತದೆ. ಡಂಪಿಂಗ್ ಅನ್ನುತ್ತಾರೆ. ಸ್ಲೀವ್‌ನವರಿಗೆ ಕಡಿಮೆ, ಆಗುವುದೇ ಇಲ್ಲ ಅಂತಲ್ಲ. ಧಾರವಾಡದಲ್ಲಿ ಮನೆ ಇಟ್ಟುಕೊಂಡು ಫೇಡೆಯಿಂದ ತಪ್ಪಿಸಿಕೊಳ್ಳುವುದೇ ನನ್ನ ಕೈಯಲ್ಲಿ ಆಗುತ್ತಿಲ್ಲ. ಬ್ಯಾಂಕಿನಲ್ಲಿ ಯಾರಿಗೆ ಪ್ರಮೋಷನ್ ಆದರೂ ಡಬ್ಬಿ ಬರುತ್ತದೆ. ಉಗುರಿನಷ್ಟು ಮುರಿದು ಬಾಯಿಗೆ ಹಾಕಿಕೊಂಡು ಮುಗಿಸುತ್ತೇನೆ. ಹೋಳಿಗೆ ಉಗುರಿನಷ್ಟು ಮುರಿಯಲು ಬರುವುದಿಲ್ಲ, ಅದಕ್ಕೆ ಬೇಡವೇ ಬೇಡ.

ಮಾಂಸಾಹಾರಿಗಳು ಕೇಳುತ್ತೀರಿ, ಸಾವಜಿ ಹೋಟೆಲಿಗೆ ಹೋಗಬಹುದಾ ಅಂತ. ನಾವು ಮನೆಯಲ್ಲಿ ತತ್ತಿ ಮಾತ್ರ, ಹಾಗಾಗಿ ನನ್ನ ಅನುಭವ ಇಲ್ಲ. ನಾರು ನಾರು ಮಟನ್ ಸಿಕ್ಕಿಕೊಳ್ಳುತ್ತದೆ, ಖೀಮಾ ವಾಸಿ ಅಂತ ನನ್ನ ಡಯಟಿಷಿಯನ್ ಬೇರೆಯವರಿಗೆ ಹೇಳುವುದು ಕೇಳಿದ್ದೇನೆ. ಸಾವಜಿ ಖಾರಕ್ಕೆ ಏನು ಹೇಳುತ್ತಾರೋ ನೀವೇ ಕೇಳಿ.

ಯಾರು ಹೋಗಬಾರದು ಅನ್ನುವುದನ್ನೂ ಹೇಳಬೇಕು. ಆಪರೇಷನ್ ಆಗಿ ಇನ್ನೂ ಮೆತ್ತಗಿನ ಊಟದಲ್ಲಿರುವವರು ಬೇಡ. ಪರಿಮಳಕ್ಕೆ ಮನಸ್ಸು ಕೆಟ್ಟು ಏನಾದರೂ ಬಾಯಿಗೆ ಹಾಕಿಕೊಳ್ಳುತ್ತೀರಿ. ಹಸಿ ತರಕಾರಿಗೆ ನಿಮ್ಮ ಡಯಟಿಷಿಯನ್ ಹೂಂ ಅಂದಿರಬೇಕು. ಹೊಸದನ್ನು ಮೊದಲು ಮನೆಯಲ್ಲೇ ಒಂದೆರಡು ಚಮಚ ತಿಂದು ನೋಡಿ, ಒಂದು ದಿನಕ್ಕೆ ಒಂದೇ ಹೊಸ ಪದಾರ್ಥ. ಪದೇ ಪದೇ ವಾಂತಿ ಆಗುತ್ತಿದ್ದರೆ ಮಜ್ಜಿಗೆ ಕುಡಿದು ಸುಮ್ಮನಿರಬೇಡಿ, ಡಾಕ್ಟರ ಹತ್ತಿರ ಹೋಗಿ. ವಾಂತಿ ನಿಲ್ಲದಿದ್ದರೆ ಮೈಯಲ್ಲಿ ಬಿ1 ವಿಟಮಿನ್ ಕಡಿಮೆಯಾಗುತ್ತದೆ, ಅದು ಕಡಿಮೆಯಾದರೆ ನರಗಳಿಗೇ ಪೆಟ್ಟು. ಇನ್ನೊಂದು: ಊಟ ಎಷ್ಟೇ ಚೆನ್ನಾಗಿರಲಿ, ಗುಳಿಗೆ ಬಿಡುವಂತಿಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ, ಇವು ಜೀವನಪೂರ್ತಿ. ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ ಒಟ್ಟಿಗೆ ನುಂಗಬೇಡಿ, ಎರಡು ತಾಸು ಅಂತರ ಇರಲಿ. ಊಟ ಆದ ಕೂಡಲೇ ಚಹಾ ಕುಡಿಯುವ ಚಟವನ್ನೂ ಬಿಡಿ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಖಾನಾವಳಿಯ ಎದುರಿಗೇ ಚಹಾದ ಡಬ್ಬಿ ಅಂಗಡಿ ಇದೆ, ಎಚ್ಚರ.

ಹೋಗುವವರಿಗೆ ಸಣ್ಣಪುಟ್ಟ ಮಾಹಿತಿ. ರವಿವಾರ ರಜೆ. ಬೈಕ್ ಓಣಿಯ ಬಾಯಲ್ಲೇ ನಿಲ್ಲಿಸಬೇಕು, ಕಾರಿಗೆ ಜಾಗ ಇಲ್ಲ. ಕೈ ತೊಳೆಯುವ ಬೇಸಿನ್ ಹಿತ್ತಲಲ್ಲಿದೆ, ಮೂರು ಮೆಟ್ಟಿಲು ಇಳಿಯಬೇಕು, ಹಿಡಿದುಕೊಳ್ಳಲು ಏನೂ ಇಲ್ಲ. ಮೊಣಕಾಲು ನೋವಿದ್ದವರು ನೋಡಿಕೊಳ್ಳಿ. ಚಮಚ ಕೇಳಿದರೆ ಕೊಡುತ್ತಾರೆ, ಆದರೆ ದೊಡ್ಡದು. ನಾನು ಮನೆಯಿಂದ ಮಕ್ಕಳ ಚಮಚ ಒಯ್ಯುತ್ತೇನೆ, ತುತ್ತು ತಾನಾಗೇ ಸಣ್ಣದಾಗುತ್ತದೆ. ಎರಡೂವರೆಗೆ ಹೋದರೆ ಕುರ್ಚಿ ಸಿಗುತ್ತದೆ, ಪಚಡಿ ಸಿಗುವುದಿಲ್ಲ. ಒಂದೂವರೆಗೆಲ್ಲ ಬುಟ್ಟಿ ಖಾಲಿ. ಹನ್ನೆರಡರ ಒಳಗೆ ಫೋನ್ ಮಾಡಿ ಹೇಳಿದರೆ ಅವ್ವಾರು ಒಂದು ವಾಟಿ ಮುಚ್ಚಿ ತೆಗೆದಿಡುತ್ತಾರೆ. ಹಸಿಮೆಣಸಿನಕಾಯಿ ಹಾಕುವ ಮೊದಲೇ ತೆಗೆದಿಡಿ ಅನ್ನುವುದನ್ನು ಮರೆಯಬೇಡಿ.